ಅಬ್ಲೇಷನ್ ಆದ ಮೇಲೆ ಎದೆಬಡಿತ ಮತ್ತೆ ತಾಳ ತಪ್ಪದಿರಲು: ಮೊದಲ ದಿನದಿಂದ ಮೊದಲ ವರ್ಷದವರೆಗೆ

ಹೃದಯದ ಮೇಲಿನ ಎರಡು ಕೋಣೆಗಳು ಸರಿಯಾಗಿ ಮಿಡಿಯುವುದನ್ನು ಬಿಟ್ಟು ಸುಮ್ಮನೆ ಅದುರತೊಡಗುವ ತೊಂದರೆಗೆ ಏಟ್ರಿಯಲ್ ಫಿಬ್ರಿಲೇಷನ್ ಎಂದು ಹೆಸರು. ಬಾಯಿಮಾತಿನಲ್ಲಿ ಎಎಫ್. ಇದಕ್ಕೆ ಅಬ್ಲೇಷನ್, ಅಂದರೆ ಸಿರೆಯಿಂದ ನಳಿಕೆ ತೂರಿಸಿ ಹೃದಯದೊಳಗೆ ಗಾಯದ ಬೇಲಿ ಹಾಕುವ ಚಿಕಿತ್ಸೆ, ಮಾಡಿಸಿಕೊಂಡವರು ಬಹುತೇಕ ಅದೇ ದಿನ ಇಲ್ಲವೇ ಮರುದಿನ ಮನೆಗೆ ಬರುತ್ತಾರೆ. ಕೈಯಲ್ಲಿ ಡಿಸ್‌ಚಾರ್ಜ್ ಚೀಟಿ, ನಾಲ್ಕೈದು ಬಗೆಯ ಮಾತ್ರೆ, ತಲೆಯಲ್ಲಿ ಒಂದೇ ಪ್ರಶ್ನೆ: ಮತ್ತೆ ಬರುತ್ತದೆಯೇ?

ಬರಬಹುದು. ಬಂದು ಹೋಗುವ ಬಗೆಯ ಎಎಫ್ ಇದ್ದವರಲ್ಲಿ ಒಂದು ಸಲದ ಅಬ್ಲೇಷನ್ ಆದ ಮೇಲೆ ಮೊದಲ ವರ್ಷ ಹತ್ತರಲ್ಲಿ ಏಳೆಂಟು ಮಂದಿ ಆರಾಮಾಗಿರುತ್ತಾರೆ. ತಿಂಗಳುಗಟ್ಟಲೆ ಬಿಡದೆ ಕಾಡಿದ ಎಎಫ್ ಆಗಿದ್ದರೆ ಹತ್ತರಲ್ಲಿ ಐದಾರು. ಈ ಲೆಕ್ಕದಲ್ಲಿ ನೀವು ಯಾವ ಕಡೆ ಬೀಳುತ್ತೀರಿ ಎಂಬುದು ವೈದ್ಯರ ಕೈಚಳಕದಿಂದಷ್ಟೇ ತೀರ್ಮಾನವಾಗುವುದಿಲ್ಲ. ಮೊದಲ ಎರಡು ತಿಂಗಳಲ್ಲಿ ಸಣ್ಣ ಮಿಡಿತಕ್ಕೂ ಗಾಬರಿಯಾಗುವವರೇ ಆರನೇ ತಿಂಗಳಿಗೆ ಬಿ.ಪಿ. ನೋಡುವುದನ್ನೂ ಬಿಟ್ಟುಬಿಟ್ಟಿರುತ್ತಾರೆ. ಗಾಬರಿ ಬೇಡದ ಕಾಲದಲ್ಲಿ ಗಾಬರಿ, ಎಚ್ಚರ ಬೇಕಾದ ಕಾಲದಲ್ಲಿ ಮೈಮರೆವು. ಯಾವ ಕಾಲಕ್ಕೆ ಯಾವ ಕೆಲಸ ಎಂಬುದನ್ನು ಸರಿಯಾಗಿ ಜೋಡಿಸಿಕೊಳ್ಳಲು ಈ ಬರಹ.

ಮರಳಿ ಬರುವುದು ಎಲ್ಲಿಂದ

1998ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಮಿಶೆಲ್ ಐಸಗೇರ್ ಮತ್ತು ಸಂಗಡಿಗರು 45 ರೋಗಿಗಳಲ್ಲಿ ಎಎಫ್ ಶುರುವಾಗುವ ಜಾಗವನ್ನು ಹುಡುಕಿದರು. ಕಿಡಿ ಹೊತ್ತುವ ತಾಣಗಳಲ್ಲಿ 94% ಸಿಕ್ಕಿದ್ದು ಶ್ವಾಸಕೋಶದಿಂದ ಹೃದಯದ ಎಡ ಮೇಲ್ಕೋಣೆಗೆ ರಕ್ತ ತರುವ ಪಲ್ಮನರಿ ರಕ್ತನಾಳಗಳ ಒಳಗೆ. ಇಂದಿನ ಅಬ್ಲೇಷನ್ನಿನ ಅಡಿಪಾಯ ಇದೇ. ಈ ನಾಳಗಳು, ಸಾಮಾನ್ಯವಾಗಿ ನಾಲ್ಕು, ಮೇಲ್ಕೋಣೆಗೆ ಸೇರುವ ಬಾಯಿಯ ಸುತ್ತ ಕಾವು, ತಣ್ಪು ಅಥವಾ ವಿದ್ಯುತ್ ಸ್ಪಂದನದಿಂದ ಗಾಯದ ಬೇಲಿ ಹಾಕುತ್ತಾರೆ. ಕಿಡಿ ಒಳಗೆ ಹೊತ್ತಿದರೂ ಬೇಲಿ ದಾಟಿ ಕೋಣೆಗೆ ಬರಬಾರದು.

ಎಎಫ್ ಮರಳಲು ಮುಖ್ಯವಾಗಿ ಮೂರು ಕಾರಣ. ಒಂದು, ಬೇಲಿಯಲ್ಲಿ ಸಂದು ಬೀಳುವುದು. ಚಿಕಿತ್ಸೆಯ ದಿನ ಊದಿಕೊಂಡು ವಿದ್ಯುತ್ತನ್ನು ತಡೆದಿದ್ದ ಅಂಗಾಂಶ ಪೂರ್ತಿ ಸತ್ತಿರದಿದ್ದರೆ, ಊತ ಇಳಿದ ಮೇಲೆ ಚೇತರಿಸಿಕೊಂಡು ಮತ್ತೆ ದಾರಿ ಬಿಡುತ್ತದೆ. ಎರಡು, ಕಿಡಿ ಬೇರೆ ಕಡೆ ಇರುವುದು: ಮೇಲಿನ ಮಹಾಸಿರೆ, ಎಡ ಮೇಲ್ಕೋಣೆಯ ಹಿಂಗೋಡೆ, ಅದರ ಕಿವಿಯಂಥ ಚೀಲ, ಹೃದಯದ ಸ್ನಾಯುವಿನ ರಕ್ತವನ್ನು ಮರಳಿ ತರುವ ಕರೋನರಿ ಸೈನಸ್ ಎಂಬ ಸಿರೆ. ಮೂರು, ಮೇಲ್ಕೋಣೆಯೇ ಹಿಗ್ಗಿ, ನಾರುಗಟ್ಟಿ, ಸಣ್ಣ ಕಿಡಿಗೂ ಹೊತ್ತಿಕೊಳ್ಳುವ ಸ್ಥಿತಿಗೆ ಬಂದಿರುವುದು. ಬಿ.ಪಿ., ತೂಕ, ನಿದ್ದೆಯಲ್ಲಿ ಉಸಿರುಗಟ್ಟುವುದು, ಮದ್ಯ ಇವೆಲ್ಲ ಕೆಲಸ ಮಾಡುವುದು ಈ ಮೂರನೆಯ ದಾರಿಯಲ್ಲಿ. ಮೊದಲ ಎರಡನ್ನು ನೀವು ಮುಟ್ಟಲಾರಿರಿ. ಮೂರನೆಯದು ಬಹುಪಾಲು ನಿಮ್ಮ ಕೈಯಲ್ಲಿದೆ. ಅಬ್ಲೇಷನ್ ಅದನ್ನು ಸರಿಪಡಿಸುವುದಿಲ್ಲ.

ಮೊದಲ ವಾರ: ತೊಡೆಸಂದಿನ ಗಾಯ

ಕ್ಯಾತಿಟರ್ ಎಂಬ ತೆಳು ನಳಿಕೆ ಒಳಹೋದದ್ದು ತೊಡೆಸಂದಿನ ಸಿರೆಯಿಂದ. ಹೊರಗೆ ಕಾಣುವುದು ಚುಕ್ಕೆಯಷ್ಟು ಗಾಯ, ಆದರೆ ನೀವು ರಕ್ತ ತೆಳುವಾಗುವ ಮಾತ್ರೆಯಲ್ಲಿದ್ದೀರಿ ಎಂಬುದು ನೆನಪಿರಲಿ.

1. ಆಸ್ಪತ್ರೆಯಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 4ರಿಂದ 6 ಗಂಟೆ, ಕಾಲು ಮಡಚದೆ ಅಂಗಾತ ಮಲಗಿರಿ. ಹೊಲಿಗೆ ಅಥವಾ ಮುಚ್ಚುವ ಸಾಧನ ಬಳಸಿದ್ದರೆ ಅವಧಿ ಇನ್ನೂ ಕಡಿಮೆ.
2. ಒಂದು ವಾರ 5 ಕಿಲೋಗಿಂತ ಹೆಚ್ಚಿನ ಭಾರ ಎತ್ತಬೇಡಿ, ಕುಕ್ಕರಗಾಲಲ್ಲಿ ಕೂರಬೇಡಿ, ಮಲವಿಸರ್ಜನೆಗೆ ತಿಣುಕಬೇಡಿ. ಕೆಮ್ಮು ಸೀನು ಬಂದಾಗ ಗಾಯದ ಮೇಲೆ ಅಂಗೈ ಒತ್ತಿಕೊಳ್ಳಿ.
3. ಮರುದಿನದಿಂದ ಸ್ನಾನ ಮಾಡಬಹುದು. ತೊಟ್ಟಿ, ಕೊಳದಲ್ಲಿ ಮುಳುಗುವುದು ಗಾಯ ಒಣಗುವವರೆಗೆ ಬೇಡ.
4. ರಕ್ತ ಜಿನುಗಿದರೆ ಮಲಗಿ, ಗಾಯದ ಮೇಲೆ 10ರಿಂದ 15 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ನೋಡುವುದೇ ಇಲ್ಲಿ ಆಗುವ ತಪ್ಪು, ಕಟ್ಟತೊಡಗಿದ ಹೆಪ್ಪು ಕಿತ್ತುಬರುತ್ತದೆ. ಅಷ್ಟಕ್ಕೂ ನಿಲ್ಲದಿದ್ದರೆ, ರಕ್ತ ಚಿಮ್ಮುತ್ತಿದ್ದರೆ, ತುರ್ತು ವಾಹನ ಕರೆಸಿ.

ತೊಡೆಯ ಮೇಲೆ ಅಂಗೈಯಗಲದ ನೀಲಿ ಹಸಿರು ಕಲೆ ಎರಡು ವಾರ ಇರಬಹುದು, ಕೆಳಕ್ಕೆ ಇಳಿಯಲೂಬಹುದು. ಅದಕ್ಕೆ ಹೆದರಬೇಕಿಲ್ಲ. ಗಟ್ಟಿ ಗಡ್ಡೆ ದೊಡ್ಡದಾಗುತ್ತಿದ್ದರೆ, ಅದರಲ್ಲಿ ನಾಡಿಯಂತೆ ಮಿಡಿತ ಸಿಕ್ಕರೆ, ಕಾಲು ತಣ್ಣಗಾದರೆ ಅಥವಾ ಊದಿಕೊಂಡರೆ ಅದೇ ದಿನ ತೋರಿಸಿ.

ರಕ್ತ ತೆಳು ಮಾಡುವ ಮಾತ್ರೆ: ತಾಳ ಸರಿಯಾಯಿತೆಂದು ನಿಲ್ಲಿಸುವಂತಿಲ್ಲ

ಈ ಮಾತ್ರೆ ಎಎಫ್ ಮರಳುವುದನ್ನು ತಡೆಯುವುದಿಲ್ಲ. ಅದು ತಡೆಯುವುದು ಪಾರ್ಶ್ವವಾಯುವನ್ನು. ಅಬ್ಲೇಷನ್ ಆದ ಮೇಲಿನ ವಾರಗಳಲ್ಲಿ ಮೇಲ್ಕೋಣೆಯ ಒಳಗೋಡೆಯಲ್ಲಿ ಹಸಿ ಗಾಯ ಇರುತ್ತದೆ, ಕೋಣೆಯ ಸಂಕೋಚನವೂ ಮಂಕಾಗಿರುತ್ತದೆ. ಹೆಪ್ಪುಗಟ್ಟಲು ಇದಕ್ಕಿಂತ ಅನುಕೂಲದ ಜಾಗ ಬೇರೆ ಬೇಕಿಲ್ಲ. ಹಾಗಾಗಿ ಎಲ್ಲರಿಗೂ ಕನಿಷ್ಠ 2 ತಿಂಗಳು ಎಂದು 2024ರ ಯುರೋಪಿನ ಮಾರ್ಗಸೂಚಿ, ಕನಿಷ್ಠ 3 ತಿಂಗಳು ಎಂದು 2023ರ ಅಮೆರಿಕದ ಮಾರ್ಗಸೂಚಿ ಹೇಳುತ್ತವೆ.

ಆಮೇಲೆ ಮುಂದುವರಿಸಬೇಕೇ ಎಂಬ ತೀರ್ಮಾನ ನಿಮ್ಮ ಎದೆಬಡಿತ ಹೇಗಿದೆ ಎಂಬುದರ ಮೇಲೆ ನಿಂತಿಲ್ಲ, ಪಾರ್ಶ್ವವಾಯುವಿನ ಅಪಾಯ ಎಷ್ಟಿದೆ ಎಂಬುದರ ಮೇಲೆ ನಿಂತಿದೆ. ಲೆಕ್ಕ ಹೀಗೆ: ಹೃದಯ ವೈಫಲ್ಯಕ್ಕೆ 1, ಬಿ.ಪಿ.ಗೆ 1, ಸಕ್ಕರೆ ಕಾಯಿಲೆಗೆ 1, ಹೃದಯಾಘಾತ ಅಥವಾ ರಕ್ತನಾಳದ ಕಾಯಿಲೆಗೆ 1, ವಯಸ್ಸು 65ರಿಂದ 74 ಇದ್ದರೆ 1, 75 ತುಂಬಿದ್ದರೆ 2, ಹಿಂದೆ ಪಾರ್ಶ್ವವಾಯು ಬಂದಿದ್ದರೆ 2. ಒಟ್ಟು 2 ಅಥವಾ ಹೆಚ್ಚಾದರೆ ಸಾಮಾನ್ಯವಾಗಿ ಮಾತ್ರೆ ಮುಂದುವರಿಯುತ್ತದೆ. 'ಈಗ ಏನೂ ಅನ್ನಿಸುತ್ತಿಲ್ಲವಲ್ಲ' ಎಂಬುದು ಈ ಲೆಕ್ಕದಲ್ಲಿ ಇಲ್ಲ, ಏಕೆಂದರೆ ಅಬ್ಲೇಷನ್ ಆದ ಮೇಲೆ ಬರುವ ಎಎಫ್ ಎಷ್ಟೋ ಸಲ ಅರಿವಿಗೇ ಬಾರದು.

ತೆಗೆದುಕೊಳ್ಳುವ ರೀತಿಯಲ್ಲೂ ಪ್ರತಿ ಮಾತ್ರೆಗೆ ಒಂದೊಂದು ಕಟ್ಟುಪಾಡು:

- ಎಪಿಕ್ಸಾಬ್ಯಾನ್: ದಿನಕ್ಕೆ 2 ಸಲ, ಸಾಮಾನ್ಯವಾಗಿ 5 ಮಿ.ಗ್ರಾಂ. ಊಟದ ಹಂಗಿಲ್ಲ.
- ರಿವರೋಕ್ಸಾಬ್ಯಾನ್: ದಿನಕ್ಕೆ 1 ಸಲ, ಸಾಮಾನ್ಯವಾಗಿ 20 ಮಿ.ಗ್ರಾಂ, ಮೂತ್ರಪಿಂಡ ದುರ್ಬಲವಿದ್ದರೆ 15. ಹೊಟ್ಟೆ ತುಂಬ ಊಟದ ಜೊತೆಗೇ ನುಂಗಬೇಕು. ಬರಿಹೊಟ್ಟೆಯಲ್ಲಿ ಮೈಗೆ ಹತ್ತುವ ಪ್ರಮಾಣ ಕಡಿಮೆ.
- ಡಾಬಿಗಾಟ್ರಾನ್: ದಿನಕ್ಕೆ 2 ಸಲ. ಕ್ಯಾಪ್ಸೂಲ್ ಬಿಚ್ಚಬಾರದು, ಅಗಿಯಬಾರದು. ಪೂರ್ತಿ ಲೋಟ ನೀರಿನೊಂದಿಗೆ ನುಂಗಿ, ಇಲ್ಲದಿದ್ದರೆ ಎದೆ ಉರಿಯುತ್ತದೆ.
- ವಾರ್ಫರಿನ್: ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ಅಳೆಯುವ ಐಎನ್‌ಆರ್ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು, ಲೋಹದ ಕವಾಟವಿದ್ದರೆ ಗುರಿ ಇನ್ನೂ ಹೆಚ್ಚಿರಬಹುದು. ಲೋಹದ ಕವಾಟ ಇದ್ದವರಿಗೆ, ಮೈಟ್ರಲ್ ಕವಾಟ ಗಣನೀಯವಾಗಿ ಕಿರಿದಾದವರಿಗೆ ಇದೇ ಗತಿ, ಮೇಲಿನ ಮೂರೂ ಅವರಿಗಲ್ಲ.

ಮೊದಲ ಮೂರರಲ್ಲಿ ಒಂದು ಹೊತ್ತು ಮರೆತರೆ ಹೀಗೆ ಮಾಡಿ. ದಿನಕ್ಕೆ 2 ಸಲದ ಮಾತ್ರೆಯಾದರೆ 6 ಗಂಟೆಯೊಳಗೆ, 1 ಸಲದ ಮಾತ್ರೆಯಾದರೆ 12 ಗಂಟೆಯೊಳಗೆ ನೆನಪಾದರೆ ನುಂಗಿ. ಅದು ದಾಟಿದ್ದರೆ ಆ ಹೊತ್ತನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಎರಡು ಒಟ್ಟಿಗೆ ಬೇಡ. ಮರೆತ ದಿನವನ್ನು ಬರೆದಿಡಿ. ಮುಂದೆ ಕರೆಂಟು ಕೊಟ್ಟು ತಾಳ ಸರಿಪಡಿಸುವ ಪ್ರಸಂಗ ಬಂದರೆ, ಹಿಂದಿನ 3 ವಾರ ಒಂದೂ ತಪ್ಪಿಲ್ಲವೇ ಎಂದು ಕೇಳುತ್ತಾರೆ. ಅಲ್ಲಿ ಮುಜುಗರಕ್ಕೆ 'ತಪ್ಪಿಲ್ಲ' ಎನ್ನುವುದು ಅಪಾಯ. ತಪ್ಪಿದ್ದು ಗೊತ್ತಾದರೆ ಮೊದಲು ಗಂಟಲ ಮೂಲಕ ಎಕೋ ಮಾಡಿ ಹೆಪ್ಪು ಇಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ, ಅಷ್ಟೇ.

ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ನೀವೇ ಕೊಂಡು ನುಂಗಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಪ್ಯಾರಸಿಟಮಾಲ್ ಸಾಕು. ಹಲ್ಲು ಕೀಳಿಸುವ ಮುನ್ನ ಮಾತ್ರೆ ನಿಲ್ಲಿಸಬೇಕೇ ಎಂದು ಹೃದಯ ವೈದ್ಯರನ್ನೇ ಕೇಳಿ, ಬಹಳಷ್ಟು ಸಲ ನಿಲ್ಲಿಸುವ ಅಗತ್ಯವೇ ಬೀಳದು.

ಎರಡು ತಿಂಗಳು: ಲೆಕ್ಕಕ್ಕಿಲ್ಲದ ಕಾಲ

ಅಬ್ಲೇಷನ್ ಆದ ಕೂಡಲೆ ಹೃದಯ ಶಾಂತವಾಗಬೇಕು ಎಂಬ ನಿರೀಕ್ಷೆ ಸಹಜ. ನಡೆಯುವುದು ಬೇರೆ. ಸುಟ್ಟ ಜಾಗ ಊದಿಕೊಂಡಿದೆ, ಅದರ ಸುತ್ತಲ ನರಗಳು ಕೆರಳಿವೆ. ಹತ್ತರಲ್ಲಿ ಮೂರರಿಂದ ಐದು ಮಂದಿಗೆ ಈ ಅವಧಿಯಲ್ಲಿ ಎಎಫ್ ಅಥವಾ ಅದರ ಸೋದರನಂಥ ಫ್ಲಟರ್ (ಮೇಲ್ಕೋಣೆಯ ಅತಿವೇಗದ, ಆದರೆ ಲಯಬದ್ಧ ಬಡಿತ) ಕಾಣಿಸಿಕೊಳ್ಳುತ್ತದೆ. ಅವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಅದು ತಾನಾಗಿ ಅಡಗುತ್ತದೆ. ಅದಕ್ಕೇ ಈ ಕಾಲದ ಅಡ್ಡಬಡಿತವನ್ನು ಸೋಲೆಂದು ಎಣಿಸುವುದಿಲ್ಲ. ಮೊದಲು ಈ ಅವಧಿ 3 ತಿಂಗಳಿತ್ತು, 2024ರ ಅಂತರರಾಷ್ಟ್ರೀಯ ತಜ್ಞರ ಒಮ್ಮತ ಅದನ್ನು 8 ವಾರಕ್ಕೆ ಇಳಿಸಿತು. ಮೂರನೇ ತಿಂಗಳಲ್ಲಿ ಬಂದದ್ದು ಮುಂದೆಯೂ ಬರುವ ಸಂಭವ ಹೆಚ್ಚು ಎಂದು ಗೊತ್ತಾದದ್ದೇ ಕಾರಣ. ಇದೇ ತರ್ಕದಲ್ಲಿ, ಮೊದಲ ವಾರದ ಅಡ್ಡಬಡಿತಕ್ಕಿಂತ ಏಳನೇ ವಾರದ್ದಕ್ಕೆ ತೂಕ ಹೆಚ್ಚು.

ಈ ಅವಧಿಯಲ್ಲಿ ಕಾಣುವ, ಚಿಂತೆ ಬೇಡದ ಕೆಲವು ಸಂಗತಿಗಳಿವೆ. ವಿಶ್ರಾಂತಿಯ ನಾಡಿ ಮೊದಲಿಗಿಂತ ನಿಮಿಷಕ್ಕೆ ಹತ್ತರಷ್ಟು ಜಾಸ್ತಿಯಾಗಬಹುದು. ಹೃದಯವನ್ನು ನಿಧಾನಿಸುವ ವೇಗಸ್ ನರದ ಗಂಟುಗಳು ಪಲ್ಮನರಿ ನಾಳಗಳ ಬುಡದಲ್ಲೇ ಇವೆ, ಬೇಲಿ ಹಾಕುವಾಗ ಅವುಗಳಿಗೂ ಪೆಟ್ಟು ಬೀಳುತ್ತದೆ. ತಿಂಗಳುಗಟ್ಟಲೆ ಹೀಗೇ ಇದ್ದರೂ ಕೆಡುಕಿಲ್ಲ. ಒಂದು ಬಡಿತ ತಪ್ಪಿ, ಮುಂದಿನದು ದಪ್ಪಗೆ ಬಡಿದಂತಾಗುವ ಬಿಡಿ ಅಡ್ಡಬಡಿತಗಳೂ ಮಾಮೂಲು. ಉಸಿರೆಳೆದಾಗ ಹೆಚ್ಚಿ ಮುಂದೆ ಬಾಗಿದರೆ ಕಡಿಮೆಯಾಗುವ ಎದೆನೋವು ಹೃದಯದ ಹೊರಪೊರೆಯ ಉರಿಯಿಂದ ಬರುತ್ತದೆ. ಅದು ಕೆಲವೇ ದಿನಗಳಲ್ಲಿ ಇಳಿಯಬೇಕು.

ಅಡ್ಡಬಡಿತ ಲೆಕ್ಕಕ್ಕಿಲ್ಲ ಎಂದರೆ ಚಿಕಿತ್ಸೆ ಬೇಡ ಎಂದಲ್ಲ. ಎಎಫ್ ಶುರುವಾಗಿ 24 ಗಂಟೆಯಾದರೂ ಬಿಡದಿದ್ದರೆ, ಅಥವಾ ಕೂತಲ್ಲೇ ನಾಡಿ 120ರ ಮೇಲೆ ಓಡುತ್ತಿದ್ದರೆ ವೈದ್ಯರಿಗೆ ತಿಳಿಸಿ. ಕರೆಂಟು ಕೊಟ್ಟು ಬೇಗ ತಾಳಕ್ಕೆ ತರುವುದನ್ನು ಅವರು ಯೋಚಿಸಬಹುದು. ಎಎಫ್‌ನಲ್ಲಿ ಕಳೆದಷ್ಟೂ ದಿನ ಮೇಲ್ಕೋಣೆ ಎಎಫ್‌ಗೇ ಒಗ್ಗಿಕೊಳ್ಳುತ್ತದೆ.

ತಾಳದ ಮಾತ್ರೆ ಎಷ್ಟು ದಿನ

ಹಲವರಿಗೆ ಮೊದಲ 6ರಿಂದ 12 ವಾರ ಫ್ಲೆಕನೈಡ್, ಪ್ರೊಪಾಫಿನೋನ್, ಸೊಟಲಾಲ್ ಅಥವಾ ಅಮಿಯೊಡರೋನ್ ಮುಂದುವರಿಸುತ್ತಾರೆ. ಇದರಿಂದ ಆ ವಾರಗಳು ನೆಮ್ಮದಿಯಾಗಿ ಕಳೆಯುತ್ತವೆ, ಆದರೆ ವರ್ಷದ ಕೊನೆಯ ಫಲಿತಾಂಶ ಬದಲಾಗುವುದಿಲ್ಲ. ಜಪಾನಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಕಂಡದ್ದು ಇದನ್ನೇ: 90 ದಿನ ಮಾತ್ರೆ ಕೊಟ್ಟಾಗ ಆ ಅವಧಿಯ ಅಡ್ಡಬಡಿತ ತಗ್ಗಿತು, ವರ್ಷದ ಲೆಕ್ಕದಲ್ಲಿ ವ್ಯತ್ಯಾಸ ಉಳಿಯಲಿಲ್ಲ. ಆದ್ದರಿಂದ ವೈದ್ಯರು ನಿಲ್ಲಿಸೋಣ ಎಂದಾಗ 'ಇದೇ ತಡೆದಿದೆ' ಎಂದು ಮಾತ್ರೆಗೆ ಅಂಟಿಕೊಳ್ಳಬೇಕಿಲ್ಲ. ನೀವಾಗಿಯೇ ನಿಲ್ಲಿಸುವುದು ಮಾತ್ರ ಬೇಡ.

ಅಮಿಯೊಡರೋನ್ ಮುಂದುವರಿದರೆ 6 ತಿಂಗಳಿಗೊಮ್ಮೆ ಥೈರಾಯ್ಡ್ ಮತ್ತು ಯಕೃತ್ತಿನ ಪರೀಕ್ಷೆ ಬೇಕೇ ಬೇಕು. ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಒಣಕೆಮ್ಮು ಶುರುವಾದರೆ ಹೇಳಿ. ವಾರ್ಫರಿನ್ ಜೊತೆಗಿದ್ದರೆ ಐಎನ್‌ಆರ್ ಏರುತ್ತದೆ. ಫ್ಲೆಕನೈಡ್ ಹೃದಯಾಘಾತ ಆದವರಿಗೆ ಸಲ್ಲದು. ಉಳಿದವರಿಗೂ ಸಾಮಾನ್ಯವಾಗಿ ಬೀಟಾ ಬ್ಲಾಕರ್‌ನಂಥ ವೇಗ ತಗ್ಗಿಸುವ ಮಾತ್ರೆಯ ಜೊತೆಯಲ್ಲೇ ಕೊಡುತ್ತಾರೆ. ಒಂಟಿಯಾಗಿ ಕೊಟ್ಟಾಗ ಎಎಫ್ ನಿಧಾನದ ಫ್ಲಟರ್ ಆಗಿ ಬದಲಾಗಿ, ಮೇಲ್ಕೋಣೆಯ ಪ್ರತಿ ಬಡಿತವೂ ಕೆಳಗಿಳಿದು ನಾಡಿ 200ರ ಮೇಲೆ ಹಾರುವ ಅಪಾಯವಿದೆ. ಹಾಗಾಗಿ 'ಬೀಟಾ ಬ್ಲಾಕರ್‌ನಿಂದ ಸುಸ್ತು' ಎಂದು ಅದೊಂದನ್ನೇ ಬಿಟ್ಟು ಫ್ಲೆಕನೈಡ್ ಉಳಿಸಿಕೊಳ್ಳುವುದು ಇರುವ ಆಯ್ಕೆಗಳಲ್ಲೇ ಕೆಟ್ಟದ್ದು.

ನೆಗಡಿಗೆ ಅಂಗಡಿಯಲ್ಲಿ ಸಿಗುವ ಸೂಡೊಎಫೆಡ್ರಿನ್ ಇರುವ ಮಾತ್ರೆ ಎದೆಬಡಿತ ಕೆರಳಿಸುತ್ತದೆ. ಪೊಟ್ಟಣದ ಹಿಂಬದಿ ಓದುವ ಅಭ್ಯಾಸ ಇಟ್ಟುಕೊಳ್ಳಿ. ಭೇದಿ, ವಾಂತಿ ಎರಡು ದಿನ ಹಿಡಿದರೆ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆಯಲ್ಲಿದ್ದರೆ ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಿಸಿ. ಪೊಟ್ಯಾಸಿಯಂ 4ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು ತಾಳ ಕೆಟ್ಟವರಲ್ಲಿ ಸಾಮಾನ್ಯ ರೂಢಿ.

ಇವು ಕಂಡರೆ ಕಾಯಬೇಡಿ

ಮುಖ ಓರೆಯಾಗುವುದು, ಕೈ ಬಲ ಕುಂದುವುದು, ಮಾತು ತೊದಲುವುದು: ಪಾರ್ಶ್ವವಾಯು. ಮೊದಲ ದಿನಗಳಲ್ಲಿ ತಲೆಸುತ್ತು, ಬಿ.ಪಿ. ಕುಸಿತ, ಏದುಸಿರು: ಹೃದಯದ ಸುತ್ತ ರಕ್ತ ತುಂಬಿರಬಹುದು.

ಇನ್ನೊಂದನ್ನು ಮನೆಯವರೂ ತಿಳಿದಿರಬೇಕು. ಎಡ ಮೇಲ್ಕೋಣೆಯ ಬೆನ್ನಿಗೇ ಅನ್ನನಾಳ ಇದೆ. ಕಾವಿನ ಪೆಟ್ಟು ಅದಕ್ಕೂ ತಗುಲಿ, ಹೃದಯಕ್ಕೂ ಅನ್ನನಾಳಕ್ಕೂ ನಡುವೆ ತೂತು ಬೀಳುವುದು ಸಾವಿರಾರು ಅಬ್ಲೇಷನ್‌ಗಳಲ್ಲಿ ಒಂದರಲ್ಲಿ ಆಗಬಹುದಾದ ವಿರಳ ಅನಾಹುತ. ವಿದ್ಯುತ್ ಸ್ಪಂದನದ ವಿಧಾನದಲ್ಲಿ ಈ ಭಯ ತೀರಾ ಕಡಿಮೆ. ವಿರಳವಾದರೂ ಪ್ರಾಣಾಂತಿಕ, ಮತ್ತು ಕಾಣಿಸಿಕೊಳ್ಳುವುದು ಎಲ್ಲ ಮರೆತ ಮೇಲೆ: ಸಾಮಾನ್ಯವಾಗಿ 2ರಿಂದ 6 ವಾರದ ನಡುವೆ. ಜ್ವರ, ನುಂಗುವಾಗ ನೋವು, ಎದೆನೋವು, ಗೊಂದಲ ಅಥವಾ ಫಿಟ್ಸ್. ಈ ಅವಧಿಯಲ್ಲಿ ಕಾರಣ ಗೊತ್ತಾಗದ ಜ್ವರ ಬಂದರೆ ಮಾಮೂಲಿ ಜ್ವರವೆಂದು ಮಾತ್ರೆ ನುಂಗಿ ಮಲಗಬೇಡಿ. ಹತ್ತಿರದ ಯಾವ ಆಸ್ಪತ್ರೆಗೆ ಹೋದರೂ 'ಇಷ್ಟು ವಾರದ ಹಿಂದೆ ಹೃದಯದ ಅಬ್ಲೇಷನ್ ಆಗಿದೆ' ಎಂಬುದನ್ನು ಮೊದಲ ಮಾತಾಗಿ ಹೇಳಿ. ಅಲ್ಲಿ ಆಗಬೇಕಾದದ್ದು ಎದೆಯ ಸಿಟಿ ಸ್ಕ್ಯಾನ್. ಎಂಡೋಸ್ಕೋಪಿ ಆಗಬಾರದು: ಅದರಲ್ಲಿ ಊದುವ ಗಾಳಿ ತೂತಿನಿಂದ ಹೃದಯಕ್ಕೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ. ಆಮ್ಲ ತಗ್ಗಿಸುವ ಮಾತ್ರೆಯನ್ನು 4ರಿಂದ 6 ವಾರ ಕೊಡುವುದು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ. ಹೊಟ್ಟೆ ಸರಿಯಿದೆ ಎಂದು ನಡುವೆ ಬಿಡಬೇಡಿ.

ತಿಂಗಳುಗಳ ನಂತರ ಏದುಸಿರು, ಕೆಮ್ಮು, ಕಫದಲ್ಲಿ ರಕ್ತ ಕಂಡರೆ ಪಲ್ಮನರಿ ನಾಳ ಕಿರಿದಾಗಿರಬಹುದು. ಇದನ್ನು ಶ್ವಾಸಕೋಶದ ಸೋಂಕೆಂದು ತಿಂಗಳುಗಟ್ಟಲೆ ಔಷಧ ಕೊಟ್ಟ ಉದಾಹರಣೆಗಳು ಬೇಕಾದಷ್ಟಿವೆ.

ಎರಡನೇ ತಿಂಗಳಿಂದ: ನಿಜವಾದ ತಡೆ

ತೂಕ. ದೇಹತೂಕ ಸೂಚ್ಯಂಕ (ಬಿಎಂಐ) 27 ದಾಟಿದವರಿಗೆ ಇದಕ್ಕಿಂತ ಬಲವಾದ ಮದ್ದಿಲ್ಲ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 355 ಎಎಫ್ ರೋಗಿಗಳನ್ನು ಹಿಂಬಾಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕದ 10% ಅಥವಾ ಹೆಚ್ಚು ಇಳಿಸಿಕೊಂಡವರು ಅಡ್ಡಬಡಿತವಿಲ್ಲದೆ ಉಳಿಯುವ ಸಂಭವ ಉಳಿದವರಿಗಿಂತ ಆರು ಪಟ್ಟು ಹೆಚ್ಚಿತ್ತು. ಅದೇ ತಂಡ 2014ರಲ್ಲಿ ಅಬ್ಲೇಷನ್ ಆದವರನ್ನೇ ನೋಡಿತ್ತು: ತೂಕ, ಬಿ.ಪಿ., ಸಕ್ಕರೆ, ನಿದ್ದೆ, ಮದ್ಯ, ಹೊಗೆ ಎಲ್ಲವನ್ನೂ ಹಿಡಿತಕ್ಕೆ ತಂದವರಲ್ಲಿ, ಬೇಕಾದವರಿಗೆ ಮರು ಅಬ್ಲೇಷನ್ ಮತ್ತು ಔಷಧವೂ ಸೇರಿ, ಕೊನೆಗೆ 87% ಮಂದಿ ತಾಳದಲ್ಲಿದ್ದರು. ಹಾಗೆ ಮಾಡದವರಲ್ಲಿ 18%. ಇಲ್ಲಿ ರೋಗಿಗಳು ತಾವೇ ಗುಂಪು ಆರಿಸಿಕೊಂಡಿದ್ದರು, ಶ್ರದ್ಧೆಯಿರುವವರು ಒಂದು ಕಡೆ ಸೇರಿರುತ್ತಾರೆ ಎಂದು ಸ್ವಲ್ಪ ಕಳೆದು ನೋಡಿದರೂ ಅಂತರ ದೊಡ್ಡದೇ.

ಲೆಕ್ಕ ಹಾಕಿಕೊಳ್ಳಿ. 90 ಕಿಲೋ ಇದ್ದರೆ ಗುರಿ 81. ವಾರಕ್ಕೆ ಅರ್ಧ ಕಿಲೋದಂತೆ ಇಳಿಸಿದರೆ 18 ವಾರ, ಅಂದರೆ ನಾಲ್ಕು ತಿಂಗಳಿಗೆ ತುಸು ಹೆಚ್ಚು. ಅವಸರ ಬೇಡ ಎನ್ನುವುದಕ್ಕೂ ಕಾರಣವಿದೆ: ಮೇಲಿನ 355 ಮಂದಿಯ ಅಧ್ಯಯನದಲ್ಲಿ ತೂಕ 5%ಗಿಂತ ಹೆಚ್ಚು ಏರಿಳಿದವರಲ್ಲಿ ಲಾಭ ಭಾಗಶಃ ಕರಗಿತ್ತು. ಮೂರು ತಿಂಗಳು ಉಪವಾಸ, ಮೂರು ತಿಂಗಳು ಯಥಾಸ್ಥಿತಿ ಎಂಬ ಆಟಕ್ಕಿಂತ ನಿಧಾನಕ್ಕೆ ಇಳಿದು ನಿಲ್ಲುವ ತೂಕವೇ ಮೇಲು. ವಾರಕ್ಕೊಮ್ಮೆ ಅದೇ ದಿನ, ಬೆಳಿಗ್ಗೆ ಶೌಚ ಮುಗಿಸಿ, ಅದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ.

ನಿದ್ದೆ. ಗಂಟಲು ಮುಚ್ಚಿಕೊಂಡು ಉಸಿರು ನಿಂತಾಗ, ಎದೆಯೊಳಗಿನ ಎಳೆತಕ್ಕೆ ತೆಳುಗೋಡೆಯ ಮೇಲ್ಕೋಣೆ ಹಿಗ್ಗುತ್ತದೆ, ಆಮ್ಲಜನಕ ಇಳಿಯುತ್ತದೆ, ಬಿ.ಪಿ. ಜಿಗಿಯುತ್ತದೆ. ಒಂದು ರಾತ್ರಿಗೆ ನೂರಾರು ಸಲ. ಹಗಲು ತೂಕಡಿಕೆ ಇಲ್ಲದ ಎಷ್ಟೋ ಎಎಫ್ ರೋಗಿಗಳಿಗೂ ಈ ತೊಂದರೆ ಇರುತ್ತದೆ, ಹಾಗಾಗಿ 'ನನಗೆ ಚೆನ್ನಾಗಿ ನಿದ್ದೆ ಬರುತ್ತದೆ' ಎಂಬುದು ಸಾಕ್ಷಿಯಲ್ಲ. ಜೋರು ಗೊರಕೆ, ನಡುವೆ ಉಸಿರು ನಿಲ್ಲುವುದನ್ನು ಪಕ್ಕದಲ್ಲಿ ಮಲಗುವವರು ಕಂಡಿದ್ದರೆ, ದಪ್ಪ ಕುತ್ತಿಗೆ, ಬಗ್ಗದ ಬಿ.ಪಿ. ಇದ್ದರೆ ನಿದ್ದೆಯ ಪರೀಕ್ಷೆ ಮಾಡಿಸಿ. ಮನೆಯಲ್ಲೇ ಒಂದು ರಾತ್ರಿ ಕಟ್ಟಿಕೊಂಡು ಮಲಗುವ ಸಾಧನವೂ ಸಾಕಾಗುತ್ತದೆ. ಗಂಟೆಗೆ 15ಕ್ಕಿಂತ ಹೆಚ್ಚು ಸಲ ಉಸಿರು ನಿಂತರೆ ಅಥವಾ ತಗ್ಗಿದರೆ ಮಧ್ಯಮ, 30 ದಾಟಿದರೆ ತೀವ್ರ. ಮುಖವಾಡದ ಮೂಲಕ ಗಾಳಿ ಒತ್ತಿ ಗಂಟಲು ತೆರೆದಿಡುವ ಸಿಪ್ಯಾಪ್ ಯಂತ್ರ ಕೊಟ್ಟರೆ ರಾತ್ರಿಗೆ ಕನಿಷ್ಠ 4 ಗಂಟೆ ಹಾಕಿಕೊಳ್ಳಬೇಕು, ಪೂರ್ತಿ ರಾತ್ರಿಯಾದರೆ ಇನ್ನೂ ಒಳ್ಳೆಯದು. ಜನ ಯಂತ್ರ ಮೂಲೆಗಿಡುವುದು ಬಹುತೇಕ ಮುಖವಾಡ ಸರಿಹೊಂದದೆ. ಗಾಳಿ ಕಣ್ಣಿಗೆ ಸೋರಿದರೆ ಪಟ್ಟಿ ಬಿಗಿಯುವುದರ ಬದಲು ಬೇರೆ ಅಳತೆಯ ಮುಖವಾಡ ಕೇಳಿ. ಬಾಯಿ ಒಣಗಿದರೆ ತೇವದ ಪೆಟ್ಟಿಗೆ ಜೋಡಿಸಿ. ಸಿಪ್ಯಾಪ್ ಹಾಕಿದವರಲ್ಲಿ ಎಎಫ್ ಕಡಿಮೆ ಎಂಬ ಮಾಹಿತಿ ಹೆಚ್ಚಾಗಿ ವೀಕ್ಷಣೆಯ ಅಧ್ಯಯನಗಳದ್ದು, ಚೀಟಿ ಎತ್ತಿ ಗುಂಪು ಮಾಡಿದ ಪರೀಕ್ಷೆಗಳ ಬೆಂಬಲ ಅಷ್ಟು ಗಟ್ಟಿಯಿಲ್ಲ. ಆದರೂ ಬಿ.ಪಿ.ಗೂ ಹಗಲಿನ ಚೈತನ್ಯಕ್ಕೂ ಆಗುವ ಲಾಭಕ್ಕಾಗಿಯೇ ಇದನ್ನು ಮಾಡುವುದು ಯೋಗ್ಯ.

ಮದ್ಯ. ಇಲ್ಲಿ ಪುರಾವೆ ನೇರ. 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ವಾರಕ್ಕೆ 10 ಅಥವಾ ಹೆಚ್ಚು ಪೆಗ್ ಕುಡಿಯುತ್ತಿದ್ದ 140 ಎಎಫ್ ರೋಗಿಗಳನ್ನು ಎರಡು ಗುಂಪು ಮಾಡಿದರು. ಬಿಡಲು ಹೇಳಿದ ಗುಂಪಿನಲ್ಲಿ 6 ತಿಂಗಳಲ್ಲಿ 53% ಮಂದಿಗೆ ಎಎಫ್ ಮರಳಿತು, ಎಂದಿನಂತೆ ಕುಡಿದವರಲ್ಲಿ 73%. ಪೂರ್ತಿ ಬಿಡುವುದೇ ಒಳ್ಳೆಯದು. ಆಗದವರು ವಾರದ ಲೆಕ್ಕವನ್ನು 3 ಪೆಗ್ ಒಳಗಿಡಿ, ಒಂದೇ ರಾತ್ರಿ ಮೂರನ್ನೂ ಮುಗಿಸಬೇಡಿ.

ಕಾಫಿಯ ಕಥೆ ತದ್ವಿರುದ್ಧ. ಎಎಫ್ ಎಂದೊಡನೆ ಕಾಫಿ ಬಿಡಿಸುವುದು ಹಳೆಯ ರೂಢಿ. ಕರೆಂಟು ಕೊಟ್ಟು ತಾಳಕ್ಕೆ ತಂದ 200 ಮಂದಿಯ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ದಿನಕ್ಕೊಂದು ಕಪ್ ಕುಡಿದವರಲ್ಲಿ 47%, ಬಿಟ್ಟವರಲ್ಲಿ 64% ಮಂದಿಗೆ ಅಡ್ಡಬಡಿತ ಮರಳಿತು. ನಿಮಗೆ ಕಾಫಿಯಿಂದ ಎದೆ ಹೊಡೆದುಕೊಳ್ಳುವುದಿಲ್ಲ ಎಂದಾದರೆ ಆ ಸುಖವನ್ನು ಕಳೆದುಕೊಳ್ಳಬೇಡಿ. ಎನರ್ಜಿ ಪಾನೀಯಗಳಿಗೆ ಈ ವಿನಾಯಿತಿ ಇಲ್ಲ.

ಬಿ.ಪಿ. ಗುರಿ 130/80ರ ಒಳಗೆ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಸರಾಸರಿ ಬರೆಯಿರಿ. ಎಎಫ್ ನಡೆಯುತ್ತಿರುವಾಗ ಯಂತ್ರದ ಒಂದು ಓದನ್ನು ನಂಬಬೇಡಿ, ಮೂರು ತೆಗೆಯಿರಿ. ಅಬ್ಲೇಷನ್‌ಗೆ ಮುಂಚೆ ಮಾತ್ರೆ ಸುರಿದು 120ಕ್ಕಿಂತ ಕೆಳಗೆ ಇಳಿಸಿದ ಅಧ್ಯಯನದಲ್ಲಿ ಎಎಫ್ ಕಡಿಮೆಯಾಗಲಿಲ್ಲ, ಬಿ.ಪಿ. ಅತಿಯಾಗಿ ಕುಸಿದವರು ಮಾತ್ರ ಹೆಚ್ಚಾದರು.

ವ್ಯಾಯಾಮ. ತೊಡೆಸಂದು ವಾಸಿಯಾದ ಮೇಲೆ, ಅಂದರೆ 7ರಿಂದ 10 ದಿನದ ನಂತರ, 10 ನಿಮಿಷದ ನಡಿಗೆಯಿಂದ ಶುರು ಮಾಡಿ, ವಾರಕ್ಕೆ 5 ನಿಮಿಷ ಹೆಚ್ಚಿಸುತ್ತ ಹೋಗಿ. ಜೊತೆಯವರೊಡನೆ ಮಾತಾಡಬಹುದು, ಹಾಡಲಾಗದು ಎನ್ನುವಷ್ಟು ವೇಗ ಸಾಕು. ಮೊದಲ ಗುರಿ ವಾರಕ್ಕೆ 150 ನಿಮಿಷ, ಆಮೇಲೆ 210. ಮ್ಯಾರಥಾನ್‌ಗೆ ತಯಾರಾಗುವವರಂತೆ ವರ್ಷಗಟ್ಟಲೆ ಮೈ ದಣಿಸುವುದು ಎಎಫ್ ಹೆಚ್ಚಿಸುತ್ತದೆ. ಅಂಥ ಅಭ್ಯಾಸವಿದ್ದವರು ಎರಡು ಮೂರು ತಿಂಗಳು ದೂರವಿದ್ದು, ಮರಳುವಾಗ ಪ್ರಮಾಣ ಇಳಿಸಬೇಕು.

ಹೊಗೆಸೊಪ್ಪು ಬಿಡಿ, ಸಕ್ಕರೆ ಕಾಯಿಲೆಯವರು ಮೂರು ತಿಂಗಳ ಸರಾಸರಿಯನ್ನು ಹಿಡಿತಕ್ಕೆ ತನ್ನಿ, ಥೈರಾಯ್ಡ್ ಒಮ್ಮೆಯಾದರೂ ನೋಡಿಸಿ. ಥೈರಾಯ್ಡ್ ಹೆಚ್ಚಾಗಿದ್ದರೆ ಅಬ್ಲೇಷನ್ ಮಾಡಿದರೂ ಎಎಫ್ ನಿಲ್ಲುವುದು ಕಷ್ಟ.

ಕಣ್ಣಿಡುವ ಬಗೆ

ಬೆಳಿಗ್ಗೆ ಮತ್ತು ರಾತ್ರಿ ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ಪೂರ್ತಿ 60 ಸೆಕೆಂಡ್ ನಾಡಿ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಇಲ್ಲಿ ಸಲ್ಲದು. ಒಂದೊಂದು ಬಡಿತ ತಪ್ಪಿ ಮತ್ತೆ ಲಯಕ್ಕೆ ಬಂದರೆ ಅದು ಬಿಡಿ ಅಡ್ಡಬಡಿತ. ಯಾವ ಎರಡು ಬಡಿತದ ಅಂತರವೂ ಒಂದೇ ಇಲ್ಲದಿದ್ದರೆ ಎಎಫ್ ಸಂಶಯ.

ಇಸಿಜಿ ತೆಗೆಯುವ ಕೈಗಡಿಯಾರ ಇದ್ದರೆ ಕೈಯನ್ನು ಮೇಜಿನ ಮೇಲಿಟ್ಟು, ಮಾತಾಡದೆ 30 ಸೆಕೆಂಡ್ ದಾಖಲಿಸಿ, ಕಡತವಾಗಿ ಉಳಿಸಿಕೊಳ್ಳಿ. ಬರೀ ಹಸಿರು ಬೆಳಕಿನಿಂದ ನಾಡಿ ಓದುವ ಪಟ್ಟಿಯ ಎಚ್ಚರಿಕೆ ಸುಳಿವಷ್ಟೇ, ರೋಗನಿರ್ಣಯಕ್ಕೆ ಇಸಿಜಿಯೇ ಬೇಕು. ಗಡಿಯಾರ ಮೋಸಹೋಗುವ ಒಂದು ಸಂದರ್ಭ ನೆನಪಿಡಿ. ಅಬ್ಲೇಷನ್ ಆದವರಿಗೆ ಬರುವ ಫ್ಲಟರ್ ಎಷ್ಟೋ ಸಲ ಅಚ್ಚುಕಟ್ಟಾದ ಲಯದಲ್ಲಿರುತ್ತದೆ. ಗಡಿಯಾರ 'ಎಎಫ್ ಇಲ್ಲ' ಎನ್ನಬಹುದು ಇಲ್ಲವೇ 'ವೇಗ ಹೆಚ್ಚು' ಎಂದು ಸುಮ್ಮನಾಗಬಹುದು. ಕೂತರೂ ಮಲಗಿದರೂ ನಾಡಿ 130, 150ರಲ್ಲಿ ಅಂಟಿಕೊಂಡಂತೆ ಕದಲದೆ ಇದ್ದರೆ ಅದು ಸಹಜ ಓಟವಲ್ಲ. ಸಹಜವಾದ ನಾಡಿ ವಿಶ್ರಾಂತಿಗೆ ಇಳಿಯುತ್ತದೆ.

ದಿನಕ್ಕೆ ಎರಡು ಸಲ ಮತ್ತು ಏನಾದರೂ ಅನ್ನಿಸಿದಾಗ ಸಾಕು. ಗಂಟೆಗೊಮ್ಮೆ ನೋಡುವವರಿಗೆ ಆತಂಕದಿಂದಲೇ ನಾಡಿ ಏರುತ್ತದೆ, ಏರಿದ ನಾಡಿ ಕಂಡು ಆತಂಕ ಹೆಚ್ಚುತ್ತದೆ. 3, 6, 12ನೇ ತಿಂಗಳಲ್ಲಿ ಆಸ್ಪತ್ರೆಯ ಇಸಿಜಿ, ಒಂದರಿಂದ ಹದಿನಾಲ್ಕು ದಿನ ಮೈಗೆ ಕಟ್ಟಿಕೊಂಡು ಬಿಡದೆ ಇಸಿಜಿ ದಾಖಲಿಸುವ ಹೋಲ್ಟರ್ ಮಾಡಿಸಿ, ಆರೋಗ್ಯವಾಗಿದ್ದೇನೆ ಎನಿಸಿದರೂ.

ಎಂಟು ವಾರದ ನಂತರ ಮರಳಿದರೆ

ಮೊದಲ ಕೆಲಸ ಇಸಿಜಿಯಲ್ಲಿ ಹಿಡಿಯುವುದು. 30 ಸೆಕೆಂಡಿಗಿಂತ ಹೆಚ್ಚು ಹೊತ್ತು ದಾಖಲಾದರೆ ತಜ್ಞರ ಪರಿಭಾಷೆಯಲ್ಲಿ ಅದು ಮರುಕಳಿಕೆ. ಆದರೆ ಈ ವ್ಯಾಖ್ಯೆ ಸಂಶೋಧಕರ ಅನುಕೂಲಕ್ಕೆ. ಮೊದಲು ವಾರಕ್ಕೆ ಮೂರು ದಿನ ಕಾಡುತ್ತಿದ್ದದ್ದು ಈಗ ಆರು ತಿಂಗಳಿಗೊಮ್ಮೆ ಒಂದು ಗಂಟೆ ಬಂದುಹೋದರೆ ಮತ್ತೆ ಅಬ್ಲೇಷನ್‌ಗೆ ಓಡಬೇಕಿಲ್ಲ. ಸುಮ್ಮನೆ ಗಮನಿಸುವುದು, ತಾಳದ ಮಾತ್ರೆ, ಮರು ಅಬ್ಲೇಷನ್, ಮೂರೂ ದಾರಿ ತೆರೆದಿವೆ.

ಮರು ಅಬ್ಲೇಷನ್ ಎಂದಾದರೆ ಮೊದಲ ಸಲದ ವರದಿಯ ಪ್ರತಿಯನ್ನು ಕೈಯಲ್ಲಿಟ್ಟುಕೊಂಡು ಹೋಗಿ. ಯಾವ ವಿಧಾನ ಬಳಸಿದರು, ಎಲ್ಲ ನಾಳಗಳೂ ಮುಚ್ಚಿದವೇ, ಬೇರೆಡೆ ಗೆರೆ ಎಳೆದರೇ ಎಂಬುದು ಅದರಲ್ಲಿರುತ್ತದೆ. ನಾಳ ಮತ್ತೆ ತೆರೆದುಕೊಂಡಿದ್ದರೆ ಸುದ್ದಿ ಒಂದು ರೀತಿಯಲ್ಲಿ ಒಳ್ಳೆಯದೇ, ಸಂದು ಮುಚ್ಚಿದರೆ ಫಲ ಸಿಗುವ ಸಂಭವ ಚೆನ್ನಾಗಿದೆ. ಎಲ್ಲ ಬೇಲಿ ಭದ್ರವಾಗಿದ್ದೂ ಎಎಫ್ ಬಂದಿದ್ದರೆ, ಮುಂದಿನ ಗುರಿ ಯಾವುದು, ಅದರಿಂದ ಎಷ್ಟು ನಿರೀಕ್ಷಿಸಬಹುದು ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನವೇ ಕೇಳಿ. ಹೋಗುವಾಗ ತೂಕ, ಬಿ.ಪಿ. ಬರೆದಿಟ್ಟ ಪುಸ್ತಕ, ಸಿಪ್ಯಾಪ್ ಬಳಸಿದ ಗಂಟೆಗಳ ದಾಖಲೆ, ಉಳಿಸಿಕೊಂಡ ಇಸಿಜಿ ಕಡತಗಳೂ ಜೊತೆಗಿರಲಿ. ರಕ್ತ ತೆಳುವಿನ ಮಾತ್ರೆ ಮುಂದಿನ ದಿನಾಂಕದವರೆಗೂ ಒಂದು ಹೊತ್ತೂ ತಪ್ಪಬಾರದು.